ಹಗೇವಿನ ಹದಿನೈದನೆಯ ಹಾಡು

ರಬಕವಿ
೧೬ ಜನವರಿ ೨೦೨೫

ಮುತ್ತಣ್ಣ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಕು ಅನಿಸಿದರೆ ಹರಿ. ಆದರೆ ಒಂದು ಸಲ ಓದಿ ಹರಿ.

ಜಮಖಂಡಿ ಕೋರ್ಟಿನಲ್ಲಿ ನಿನ್ನ ವಿರುದ್ಧ ಸಾಕ್ಷಿ ಹೇಳಿ ನಾನು ಕಟಕಟೆಯಿಂದ ಇಳಿದು ಬರುವಾಗ, ಪೊಲೀಸರ ನಡುವೆ ನಿಂತಿದ್ದ ನೀನು ನನ್ನ ಕಾಲ ಬುಡಕ್ಕೆ ಉಗುಳಿದೆ. ಆಮೇಲೆ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿಲ್ಲ. ಇವತ್ತು ಬರೆಯುತ್ತಿರುವುದು ಬ್ಯಾಂಡಿನ ಸಲುವಾಗಿ.

ಪುಣೆಯ ಒಂದು ಸಂಗೀತ ಕಂಪನಿಯವರು ನಮ್ಮ ‘ಹಗೇವು’ ಬ್ಯಾಂಡಿನ ಆಯ್ದ ಹಾಡುಗಳನ್ನು ಸೇರಿಸಿ ಒಂದು ಆಲ್ಬಂ ತರುತ್ತಾರಂತೆ. ಕಾಲೇಜಿನಲ್ಲಿ ಕಟ್ಟಿದ ಮೊದಲ ಹಾಡಿನಿಂದ ಕೊನೆಯ ಕಾರ್ಯಕ್ರಮದವರೆಗೆ, ಹತ್ತು ವರ್ಷದ್ದು. ಫೋನಿನಲ್ಲಿ ಕೇಳುವುದಕ್ಕಷ್ಟೇ ಅಲ್ಲ, ಹಳೇ ಕಾಲದ ಗ್ರಾಮಫೋನಿನ ಹಾಗೆ ಕರೀ ತಟ್ಟೆಯನ್ನೂ ಮಾಡಿಸುತ್ತಾರೆ. ಅದಕ್ಕೆ ನಾಲ್ವರ ಸಹಿ ಬೇಕು. ಗಿಟಾರಿನ ಸಂಜಯ ಈಗ ಜಮಖಂಡಿಯಲ್ಲಿ ಅಪ್ಪನ ಅರಿವೆ ಅಂಗಡಿಯಲ್ಲಿ ಕೂರುತ್ತಾನೆ. ಗಿರಾಕಿಯ ಎದುರಿಗೇ ಸಹಿ ಹಾಕಿ ಕಣ್ಣೊರೆಸಿಕೊಂಡ. ಡೊಳ್ಳು, ಡ್ರಮ್ಮು ಎರಡನ್ನೂ ಬಾರಿಸುತ್ತಿದ್ದ ಮಹಾಲಿಂಗ ಬೀಳಗಿಯಿಂದ ಬೈಕಿನಲ್ಲಿ ಬಂದು ಸಹಿ ಹಾಕಿ, ಚಹಾ ಕೂಡ ಕುಡಿಯದೆ ಹೋದ. ಬೇಸ್ ಗಿಟಾರಿನ ನನ್ನದೂ ಆಗಿದೆ. ಹಾಡಿದವನದೊಂದು ಉಳಿದಿದೆ.

ಹದಿನಾಲ್ಕು ಹಾಡು ಆರಿಸಿದ್ದೇನೆ. ನಮ್ಮ ಮಗ್ಗದ ಶೆಡ್ಡಿನ ಮೇಲಿನ ಕೋಣೆಯನ್ನು ರೆಕಾರ್ಡಿಂಗಿಗೆ ಮಾಡಿಕೊಂಡಿದ್ದೇನೆ. ಅಲ್ಲೇ ಕೂತು ಎಲ್ಲವನ್ನೂ ಮತ್ತೆ ಕೇಳಿದೆ. ‘ಕಬ್ಬಿನ ಗರಿ’ಯಲ್ಲಿ ನಿನ್ನ ದನಿ ಇನ್ನೂ ಎಳೆಯದು, ಆದರೆ ಮೈಮೇಲೆ ಗೀರು ಎಳೆದ ಹಾಗೆ ಹಾಡಿದ್ದೀಯ. ‘ಹಿನ್ನೀರು’ ಹಾಡಿನ ನಡುವೆ ಮಹಾಲಿಂಗನ ಡೊಳ್ಳು ಬಂದಾಗ ಈಗಲೂ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಹಿಪ್ಪರಗಿಯ ನಿಮ್ಮ ಅಂಗಳದಲ್ಲಿ ನೀನು ಬ್ಯಾಂಡಿಗೆ ಹೆಸರಿಟ್ಟದ್ದು ನೆನಪಾಯಿತು. ನೆಲದೊಳಗೆ ಕಾಳು ತುಂಬಿಟ್ಟ ಹಗೇವಿನ ಮುಚ್ಚಳ ತೆಗೆದು ದುಡುಕಿ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ, ನಮ್ಮ ಹಾಡೂ ಹಾಗೇ ಇರಬೇಕು ಎಂದಿದ್ದೆ. ನಾವೆಲ್ಲ ನಕ್ಕಿದ್ದೆವು.

ಈಗ ಕಷ್ಟದ ಮಾತು. ಕಂಪನಿಯವರು ಹದಿನೈದನೆಯದಾಗಿ ಮುಧೋಳದ ಕಾರ್ಯಕ್ರಮದ ‘ಹೆಸರ ಕೇಳಬ್ಯಾಡ’ ಹಾಕಬೇಕು ಅನ್ನುತ್ತಾರೆ. ಅವತ್ತು ಧ್ವನಿವರ್ಧಕ ನೋಡಿಕೊಂಡವನ ಹಳೇ ಹಾರ್ಡ್ ಡಿಸ್ಕಿನಲ್ಲಿ ಅದು ಪೂರ್ತಿ ಸಿಕ್ಕಿದೆ. ಜನ ಮೊಬೈಲಿನಲ್ಲಿ ಏಟು ಬಿದ್ದ ಮೇಲಿನ ಗದ್ದಲದ ತುಣುಕನ್ನಷ್ಟೇ ನೋಡಿದ್ದಾರೆ, ಇದರಲ್ಲಿ ಮೊದಲಿನಿಂದ ಇದೆ. ಗುಂಪಿನಲ್ಲಿ ಬಡಿದಾಟ ಶುರುವಾದದ್ದು, ಬಾಟಲಿ ಬಂದು ಮಹಾಲಿಂಗನ ಹುಬ್ಬು ಒಡೆದದ್ದು, ಕುಡಿದು ಬಂದಿದ್ದ ನೀನು ಎರಡನೇ ನುಡಿ ಮರೆತದ್ದು, ಮುಂದಿನ ಸಾಲಿನಲ್ಲಿದ್ದ ಶಿರೋಳದ ಹುಡುಗ ನವೀನ ಅದನ್ನು ಕೂಗಿ ನೆನಪಿಸಿದ್ದು. ಆಗ ನೀನೇ ಮೈಕಿನಲ್ಲಿ, “ಬಾರಲೇ ಮ್ಯಾಲ, ನೀನ ಹಾಡು” ಎಂದೆ. ಅವನು ಹತ್ತಿ ಬಂದ. ಎರಡನೇ ಮೈಕು ಇದ್ದದ್ದು ನನ್ನ ಮುಂದೆ. “ಅಕ್ಕಾರ, ಸ್ವಲ್ಪ ಸರೀರಿ” ಎಂದು ನನ್ನ ಹೆಗಲ ಮೇಲೆ ಕೈ ಇಟ್ಟು ಮೈಕಿಗೆ ಬಾಗಿ ಹಾಡತೊಡಗಿದ. ನೀನು ತಿರುಗಿ ನೋಡಿ ಮೈಕಿನ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಅವನ ತಲೆಗೆ ಹೊಡೆದೆ. ಬಿದ್ದವನಿಗೆ ಇನ್ನೊಂದು ಸಲ ಹೊಡೆದೆ.

ಕೋರ್ಟಿನಲ್ಲಿ ನಾನು ಹೇಳಿದ್ದು ಇಷ್ಟೇ. ನೀನು ಮಾತ್ರ, ಅವನನ್ನು ನಾನು ಕರೆದಿಲ್ಲ, ಅವನೇ ಕಾವ್ಯಳ ಮೈಮೇಲೆ ಬಿದ್ದ, ಹೊಡೆದದ್ದು ಒಂದೇ ಏಟು ಎಂದು ವಾದಿಸಿದೆ. ಹೈಕೋರ್ಟಿನ ಮೇಲ್ಮನವಿಯಲ್ಲೂ ಅದನ್ನೇ ಬರೆಸಿದ್ದೀ ಅಂತ ಸಂಜಯ ಹೇಳಿದ. ಆ ಹಾಡು ಬೇಡ ಎಂದು ನಾನು ಕಂಪನಿಗೆ ಹೇಳಿದ್ದೇನೆ. ಸತ್ತವನ ಸದ್ದನ್ನು ಮಾರಲು ನನಗೆ ಮನಸ್ಸಿಲ್ಲ. ಹದಿನಾಲ್ಕಕ್ಕೆ ಸಹಿ ಹಾಕಿ ಕಳಿಸು.

ಕಾವ್ಯ ಶಿವಯೋಗೆಪ್ಪ

* * *

ಕಾರಾಗೃಹ
೯ ಫೆಬ್ರವರಿ ೨೦೨೫

ಕಾವ್ಯಾ,

ಹರಿಯಲಿಲ್ಲ. ಐದು ವರ್ಷದಲ್ಲಿ ನನಗೆ ಬಂದ ಕಾಗದಗಳೆಲ್ಲ ವಕೀಲರವು. ಇದನ್ನು ಎರಡು ಸಲ ಓದಿದೆ, ಎರಡು ಸಲವೂ ನಿನ್ನ ಕುತ್ತಿಗೆ ಹಿಸುಕಬೇಕು ಅನಿಸಿತು.

ಇಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಹೆಣ್ಣುಮಗಳ ಮೈಮುಟ್ಟಿದವನನ್ನು ನಿಂತ ಜಾಗದಲ್ಲೇ ಕೆಡವಿದವನು ಎನ್ನುತ್ತಾರೆ. ಬ್ಯಾರಕ್ಕಿನ ಹಿರಿಯ ಕಿಟಕಿ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಹೋದ ತಿಂಗಳು ಹೊಸದಾಗಿ ಬಂದ ಒಬ್ಬ, ಆ ಹೆಣ್ಣುಮಗಳೇ ನಿನ್ನ ವಿರುದ್ಧ ಸಾಕ್ಷಿ ಹೇಳಿದಳಂತಲ್ಲ ಎಂದು ಹಲ್ಲು ಕಿಸಿದ. ಊಟದ ಗಂಗಾಳದ ಅಂಚಿನಿಂದ ಅವನ ಬಾಯಿಗೆ ಹೊಡೆದೆ. ಮುಂದಿನ ಎರಡು ಹಲ್ಲು ಅನ್ನದಲ್ಲಿ ಬಿದ್ದವು. ಹದಿನೈದು ದಿನ ಒಂಟಿ ಕೋಣೆಯಲ್ಲಿ ಹಾಕಿದರು. ಅಲ್ಲಿ ಕತ್ತಲಲ್ಲಿ ಕೂತು ನಮ್ಮ ಹಾಡುಗಳನ್ನೆಲ್ಲ ಹಾಡಿದೆ. ಒಂದೂ ಮರೆತಿಲ್ಲ. ಮರೆತೆ ಅಂತ ನೀನು ಬರೆಯುತ್ತೀ.

ನಾನು ಅವನನ್ನು ಕರೆಯಲಿಲ್ಲ. ನಿನ್ನ ಕುತ್ತಿಗೆಯ ಹತ್ತಿರ ಒಂದು ಕೈ ಕಂಡಿತು. ಬಾಟಲಿ ಹಾರಿ ಬರುತ್ತಿದ್ದವು, ಮಹಾಲಿಂಗನ ಮುಖದ ತುಂಬ ರಕ್ತ. ಹೊಡೆದೆ. ನಿನ್ನ ಸಲುವಾಗಿ ಹೊಡೆದೆ. ಒಂದೇ ಏಟು. ನಿನ್ನ ಮೈಮೇಲೆ ಅವನ ರಕ್ತ ಸಿಡಿದಾಗ ನೀನು ನನ್ನನ್ನು ನೋಡಿ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವನನ್ನು ನೋಡಿ ಅಲ್ಲ, ನನ್ನನ್ನು ನೋಡಿ.

ನೀನು ಆ ಹಾಡು ಬೇಡ ಅನ್ನುತ್ತೀ. ನಾನು ಬೇಕೇ ಬೇಕು ಅನ್ನುತ್ತೇನೆ. ಹದಿನೈದೂ ಬರಲಿ, ಊರೆಲ್ಲ ಕೇಳಲಿ. ಅದರಲ್ಲಿ ನಾನು ಕರೆದ ದನಿ ಇಲ್ಲದಿದ್ದರೆ ನೀನು ಹೈಕೋರ್ಟಿಗೆ ಬಂದು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಸಹಿ ಇಲ್ಲ.

ನಮ್ಮಣ್ಣ ಅಪ್ಪಾಸಾಬ ಭೇಟಿಗೆ ಬಂದಾಗ ಈ ವಿಷಯ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಯಾಕೋ ಗೊತ್ತಾಗಲಿಲ್ಲ.

ಮುತ್ತಣ್ಣ

* * *

ರಬಕವಿ
೪ ಮಾರ್ಚ್ ೨೦೨೫

ಮುತ್ತಣ್ಣ,

ನಿಮ್ಮಣ್ಣನ ಮುಖ ಯಾಕೆ ಬಿಳಿಚಿಕೊಂಡಿತು ಎಂದು ನನಗೆ ಗೊತ್ತಾಗಿದೆ. ನಿನ್ನ ಮಾತನ್ನು ಅವನು ಯಾವತ್ತೂ ನಂಬಿಲ್ಲ. ನಂಬಿದ್ದರೆ ಆ ರೆಕಾರ್ಡಿಂಗ್ ಕಂಡರೆ ಅವನಿಗೆ ಭಯ ಯಾಕೆ?

ಹೋದ ಮಂಗಳವಾರ ಮಧ್ಯಾಹ್ನ ಇಬ್ಬರನ್ನು ಕರೆದುಕೊಂಡು ಮೇಲೆ ಬಂದ. ನಾನು ಒಬ್ಬಳೇ ಇದ್ದೆ. ಕೆಳಗೆ ಅಪ್ಪ ಮತ್ತು ನೇಕಾರರು ಇದ್ದರು, ಎಲ್ಲ ಮಗ್ಗ ನಡೆದಿದ್ದವು. ನಿನಗೆ ಗೊತ್ತಲ್ಲ, ಆ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಅಪ್ಪಾಸಾಬ ಮೊದಲು ಮೆತ್ತಗೆ ಮಾತಾಡಿದ. ಮೇಲ್ಮನವಿ ಇದೆ, ವಕೀಲರು ಆಸೆ ಹುಟ್ಟಿಸಿದ್ದಾರೆ, ಆ ಡಿಸ್ಕು ಕೊಟ್ಟುಬಿಡು, ತಮ್ಮ ಹೊರಗೆ ಬರಲಿ ಎಂದ. ಅದು ಪುಣೆಯಲ್ಲೂ ಇದೆ, ನನ್ನ ಹತ್ತಿರ ಇರುವುದನ್ನು ಒಡೆದರೆ ಏನೂ ಆಗುವುದಿಲ್ಲ ಅಂದೆ. ಅವನಿಗೆ ಅದು ತಲೆಗೆ ಹೋಗಲಿಲ್ಲ. ಇಲ್ಲಾ, ಹೋಗಿಯೂ ಕೈ ಮಾತು ಕೇಳಲಿಲ್ಲ.

ಮಿಕ್ಸರನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಕಂಪ್ಯೂಟರನ್ನು ಒದ್ದರು. ಗೋಡೆಯಲ್ಲಿದ್ದ ನನ್ನ ಬೇಸ್ ಗಿಟಾರನ್ನು ಅಪ್ಪಾಸಾಬನೇ ಇಳಿಸಿ ಬಾಗಿಲ ಚೌಕಟ್ಟಿಗೆ ಬಡಿದ, ಕತ್ತು ಮುರಿಯುವವರೆಗೆ. ನಾನು ಅಡ್ಡ ಹೋದೆ. ನೂಕಿದ, ಬಿದ್ದೆ. ನೆಲದ ಮೇಲೆ ಊರಿದ್ದ ನನ್ನ ಎಡಗೈ ಮೇಲೆ ಬೂಟುಗಾಲಿಟ್ಟು ತಿರುವಿದ. “ಇದ ಕೈಲೆ ಬಾರಸ್ತಿ ಅಲ್ಲ ನೀ?” ಅಂದ. ಎರಡು ಬೆರಳು ಮುರಿದ ಸದ್ದು ನನಗೆ ಕೇಳಿತು. ಕಿರುಚಿದೆ, ಮಗ್ಗಗಳು ಅದನ್ನು ನುಂಗಿದವು.

ಈಗ ಬರೆಯುವುದನ್ನು ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ಬಲಗೈಗೆ ಮೈಕಿನ ಸ್ಟ್ಯಾಂಡ್ ಸಿಕ್ಕಿತು. ಯಾವಾಗ ಎದ್ದೆ, ಯಾವಾಗ ಎತ್ತಿದೆ ತಿಳಿಯದು. ನಿಮ್ಮಣ್ಣನ ಮೊಳಕೈಗೆ ಬಿತ್ತು. ಅವನ ಕೈ ಜೋತುಬಿತ್ತು, ಅವನು ಮೊಣಕಾಲ ಮೇಲೆ ಕುಸಿದ. ನಾನು ಎರಡನೇ ಸಲ ಎತ್ತಿದೆ. ಅವನ ತಲೆ ನನ್ನ ಮುಂದೆ ಇತ್ತು, ನೆತ್ತಿಯ ಸುಳಿ ಕಾಣುತ್ತಿತ್ತು. ಹೊಡೆಯಬೇಕು ಅಂತ ಮೈಯೆಲ್ಲ ಕೂಗಿತು, ಮುತ್ತಣ್ಣ. ಅದು ಎಷ್ಟು ಸಲೀಸು ಎಂದು ಅವತ್ತು ತಿಳಿಯಿತು. ಕೈ ಇಳಿಸಿದೆ. ಇಳಿಸಿದೆ, ಅಷ್ಟೇ.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು, ನನ್ನ ಕೂಗು ಕೆಳಗೆ ಕೇಳಿತು. ನೇಕಾರರು ಮೆಟ್ಟಿಲು ತುಂಬ ಬಂದರು. ಅಪ್ಪ ಸಿಕ್ಕ ಕಟ್ಟಿಗೆಯಿಂದ ಒಬ್ಬನ ಬೆನ್ನು ಮುರಿಯುವ ಹಾಗೆ ಬಾರಿಸಿದರು. ಬಿಡಿಸುವುದರೊಳಗೆ ಇನ್ನೊಬ್ಬನ ಕಿವಿ ಹರಿದಿತ್ತು.

ಪೊಲೀಸರಿಗೆ ಎಲ್ಲವನ್ನೂ ಹೇಳಿದ್ದೇನೆ, ನಾನು ಹೊಡೆದದ್ದನ್ನೂ. ನಿಮ್ಮ ಮನೆಯವರಿಗೆ ನಾನು ಮತ್ತೆ ಬಾಯಿಬಿಟ್ಟವಳಾದೆ. ಮೊದಲನೆಯ ಏಟು ಹೇಗೆ ಬೀಳುತ್ತದೆ ಎಂದು ಈಗ ನನಗೆ ಗೊತ್ತು. ಆದರೂ ಕೋರ್ಟಿನಲ್ಲಿ ಹೇಳಿದ್ದನ್ನು ನಾಳೆ ಕರೆದರೂ ಹೇಳುತ್ತೇನೆ.

ಕಾವ್ಯ

* * *

ಕಾರಾಗೃಹ
೨೧ ಮಾರ್ಚ್ ೨೦೨೫

ಕಾವ್ಯಾ,

ನಾನು ಅವನನ್ನು ಕಳಿಸಲಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು. ಮೊನ್ನೆ ಜಾಮೀನಿನ ಮೇಲೆ ಹೊರಬಂದು, ಕೈಗೆ ಪಟ್ಟಿ ಕಟ್ಟಿಕೊಂಡು ಭೇಟಿಗೆ ಬಂದಿದ್ದ. ಜಾಳಿಗೆಯ ಆಚೆಯಿಂದ, “ನಿನ್ನ ಸಲುವಾಗಿ ಮಾಡೀನಿ” ಅಂದ. ನಾನು ನಿನಗೆ ಬರೆದದ್ದೂ ಅದೇ ಮಾತು ಎಂದು ಅವನು ಹೋದ ಮೇಲೆ ಹೊಳೆಯಿತು. ಜಾಳಿಗೆಗೆ ತಲೆ ಬಡಿದುಕೊಂಡೆ. ಪೇದೆ ಎಳೆದುಕೊಂಡು ಹೋದ.

ಬೆರಳು ಕೂಡಿಕೊಂಡವೇ? ಬೇಸ್ ತಂತಿ ಒತ್ತಲು ಆಗುತ್ತದೆಯೇ?

ನಾನು ಇನ್ನೂ ಅದನ್ನೇ ಹೇಳುತ್ತೇನೆ: ಕರೆಯಲಿಲ್ಲ, ಒಂದೇ ಏಟು. ಆದರೆ ನನಗೆ ಆ ರೆಕಾರ್ಡಿಂಗ್ ಕೇಳಬೇಕು. ಅಧಿಕಾರಿಗಳನ್ನು ಕೇಳಿದ್ದೇನೆ. ವಕೀಲರ ಮೂಲಕ ಬಂದರೆ ಕಚೇರಿಯಲ್ಲಿ ಕೂತು ಕೇಳಬಹುದಂತೆ. ಕಳಿಸು.

ಮುತ್ತಣ್ಣ

* * *

ರಬಕವಿ
೨೬ ಏಪ್ರಿಲ್ ೨೦೨೫

ಮುತ್ತಣ್ಣ,

ಪೆನ್ ಡ್ರೈವ್ ನಿನ್ನ ವಕೀಲರಿಗೆ ಕೊಟ್ಟಾಗಿದೆ. ಕಳಿಸುವುದು ತಡವಾಯಿತು. ನಿನಗಿಂತ ಮೊದಲು ಅದನ್ನು ಕೇಳಬೇಕಾದವರು ಒಬ್ಬರಿದ್ದರು.

ನವೀನನ ತಾಯಿ ಅನಸವ್ವ ಬಂದಿದ್ದರು. ಶಿರೋಳದಿಂದ ಬಸ್ಸಿಗೆ ಬಂದು, ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ, ಮಗ್ಗದವರ ಮನೆ ಯಾವುದು ಎಂದು ಕೇಳುತ್ತ. ನಮ್ಮಲ್ಲಾದ ಹೊಡೆದಾಟ ಪೇಪರಿನಲ್ಲಿ ಬಂದಿತ್ತು, ಯಾರೋ ಓದಿ ಹೇಳಿದ್ದಾರೆ. ನಾನು ಅವರನ್ನು ಕೋರ್ಟಿನ ಬೆಂಚಿನ ಮೇಲಷ್ಟೇ ನೋಡಿದ್ದೆ. ಬಾಗಿಲಲ್ಲಿ ನಿಂತೇ ಕೇಳಿದರು: “ನನ್ನ ಮಗನ ದನಿ ಅದರಾಗ ಐತೆಂತ. ಖರೇನ?”

ಇದೆ ಎಂದೆ. ಮನೆಯಲ್ಲಿ ನವೀನನ ಫೋಟೋ ಇದೆಯಂತೆ, ಅಂಗಿ ಇದೆಯಂತೆ, ಟ್ರ್ಯಾಕ್ಟರ್ ರಿಪೇರಿಯ ಪಾನಾಗಳು ಇವೆಯಂತೆ. ದನಿ ಎಲ್ಲೂ ಇಲ್ಲ. ಅವನ ಫೋನು ಅವತ್ತಿನ ಗದ್ದಲದಲ್ಲಿ ಯಾರದೋ ಕಾಲಡಿಗೆ ಸಿಕ್ಕು ಪುಡಿಯಾಯಿತಂತೆ. ಮಗ ಹೇಗೆ ಮಾತಾಡುತ್ತಿದ್ದ ಎನ್ನುವುದು ಈಚೆಗೆ ಮರೆಯತೊಡಗಿದೆ ಎಂದರು.

ಹೊಸ ಕಂಪ್ಯೂಟರಿನ ಮುಂದೆ ಕೂರಿಸಿ ಹೆಡ್‌ಫೋನ್ ಹಾಕಿದೆ. ಸೆರಗಿನ ಮೇಲಿಂದಲೇ ಹಾಕಿಸಿಕೊಂಡರು. ಅವನು ಹಾಡಿ ಮುಗಿಸುವಲ್ಲಿಗೆ ನಿಲ್ಲಿಸಬೇಕು ಎಂದು ನಾನು ಕೈ ಸಿದ್ಧ ಇಟ್ಟುಕೊಂಡಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ. ಬಿಡಲಿಲ್ಲ. ಅವರ ತುಟಿ ಮಗನ ಜೊತೆ ಅಲುಗಾಡಿದವು. ಆಮೇಲೆ ಅವರ ಮೈ ಒಮ್ಮೆ ಹಿಂದಕ್ಕೆ ಬಿತ್ತು, ಎದೆಗೆ ಒದ್ದ ಹಾಗೆ. ಮತ್ತೊಮ್ಮೆ ಬಿತ್ತು. ನನಗೆ ಸದ್ದು ಕೇಳುತ್ತಿರಲಿಲ್ಲ. ಅವರ ಮೈ ನೋಡಿಯೇ ಯಾವ ಕ್ಷಣದಲ್ಲಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. “ಎರಡ ಸಲ,” ಅಂದರು.

“ಹೌದ್ರಿ.”

“ಕೋರ್ಟಿನ್ಯಾಗ ನೀ ಎರಡ ಅಂದಾಗ ಅವರ ವಕೀಲ ನಕ್ಕಿದ್ದ.”

ಅಷ್ಟೇ. ಅವ್ವ ರೊಟ್ಟಿ ಹಾಕಿದಳು, ಅರ್ಧ ತಿಂದರು. ಕಣ್ಣಲ್ಲಿ ನೀರು ಬರಲಿಲ್ಲ. ನನ್ನ ಮಣಿಕಟ್ಟಿನಲ್ಲಿ ಅವರ ಉಗುರು ಇಳಿದ ಗಾಯ ಇನ್ನೂ ಮಾಯ್ದಿಲ್ಲ.

ನನ್ನ ಬೆರಳು ಕೂಡಿವೆ, ಆದರೆ ಕಿರುಬೆರಳು ಮಡಚುವುದಿಲ್ಲ. ಬಾರಿಸಲು ಬರುತ್ತದೋ ಇಲ್ಲವೋ ಇನ್ನೂ ನೋಡಿಲ್ಲ.

ಕಾವ್ಯ

* * *

ಕಾರಾಗೃಹ ಆಸ್ಪತ್ರೆ
೧೮ ಜೂನ್ ೨೦೨೫

ಕಾವ್ಯಾ,

ಕೇಳಿದೆ. ಕಚೇರಿಯಲ್ಲಿ, ಸಣ್ಣ ಸ್ಪೀಕರಿನಲ್ಲಿ, ಒಬ್ಬ ಅಧಿಕಾರಿ ಮತ್ತು ವಕೀಲರ ಎದುರಿಗೆ.

ಸಂಜಯನ ಗಿಟಾರು ಬಂತು, ನಿನ್ನ ಬೇಸ್ ಬಂತು, ಖುಷಿಯಾಯಿತು. ನಿಜವಾಗಿ ಖುಷಿಯಾಯಿತು, ಎಷ್ಟು ಚೆನ್ನಾಗಿ ಬಾರಿಸುತ್ತಿದ್ದೆವು ನಾವು. ಆಮೇಲೆ ಒಬ್ಬ ಕುಡುಕನ ದನಿ ಬಂತು. ನಾಲಿಗೆ ದಪ್ಪಗಾಗಿದ್ದ, ತನ್ನ ಹಾಡನ್ನೇ ತಾನು ಮರೆತ ಒಬ್ಬನದು. “ಬಾರಲೇ ಮ್ಯಾಲ, ನೀನ ಹಾಡು.” ಯಾರಿವನು ಅಂತ ಒಂದು ಗಳಿಗೆ ಅನಿಸಿದ್ದು ಖರೆ. ಆಮೇಲೆ ನವೀನ ಹಾಡಿದ. ಒಳ್ಳೆಯ ದನಿ ಅಲ್ಲ ಅವನದು, ಆದರೆ ಒಂದಕ್ಷರ ತಪ್ಪಲಿಲ್ಲ. ಆಮೇಲಿನದನ್ನೂ ಕೇಳಿದೆ. ಎರಡು. ಅವೆರಡರ ನಡುವೆ ನೀನು “ಬ್ಯಾಡ ಮುತ್ತಣ್ಣ” ಎಂದು ಕೂಗಿದ್ದೀ. ಅದು ನನಗೆ ಕೇಳಿದ್ದಿರಬೇಕು.

ವಕೀಲರು ಈ ಧ್ವನಿ ನಿನ್ನದಲ್ಲ ಎಂದು ವಾದಿಸಬಹುದು ಅಂದರು. ನನ್ನದೇ ಅಂದೆ. ಮೇಲ್ಮನವಿಯಿಂದ ‘ಕರೆಯಲಿಲ್ಲ’, ‘ಒಂದೇ ಏಟು’ ಎಂಬ ಎರಡು ಮಾತನ್ನೂ ತೆಗೆಯಿರಿ ಅಂದೆ. ತೆಗೆದರೆ ಉಳಿಯುವುದೇನು ಎಂದು ಕೇಳಿದರು. ಏನೂ ಇಲ್ಲ ಎಂದು ಅವರೇ ಹೇಳಿಕೊಂಡು ಚೀಲ ಎತ್ತಿಕೊಂಡು ಹೋದರು.

ಬ್ಯಾರಕ್ಕಿಗೆ ಮರಳಿದಾಗ ಹಿರಿಯ ನನ್ನ ಹಾಡು ಹೇಗಿತ್ತು ಎಂದು ಕೇಳಿದ. ಹೇಳಿಬಿಟ್ಟೆ. ಅವನನ್ನು ಕರೆದವನೇ ನಾನು, ಅವನು ಹಾಡಲು ಬಂದಿದ್ದ, ಯಾವ ಹೆಣ್ಣುಮಗಳಿಗೂ ಅವನು ಏನೂ ಮಾಡಿರಲಿಲ್ಲ ಅಂದೆ. ಹಿರಿಯ ತನ್ನ ಹಾಸಿಗೆಯನ್ನು ನನ್ನಿಂದ ದೂರ ಎಳೆದುಕೊಂಡ. ತನ್ನ ಮಗಳ ಮೈಮುಟ್ಟಿದ ಒಬ್ಬನನ್ನು ಕಡಿದು ಒಳಗೆ ಬಂದವನು ಅವನು. ನನ್ನನ್ನು ತನ್ನ ಜೊತೆಯವನು ಎಂದುಕೊಂಡಿದ್ದ.

ಮರುದಿನ ಸ್ನಾನದ ಕಟ್ಟೆಯಲ್ಲಿ ಹಿಡಿದರು. ಇಬ್ಬರು ಕೈ ಹಿಂದಕ್ಕೆ ತಿರುಚಿದರು. ಒದ್ದೆ ಟವೆಲಿನಲ್ಲಿ ಕಲ್ಲು ಕಟ್ಟಿಕೊಂಡು ಬಂದಿದ್ದರು. ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ. ನನ್ನಿಂದ ಹಲ್ಲು ಕಳೆದುಕೊಂಡವನು ಸರದಿ ಕಾಯುತ್ತ ನಿಂತಿದ್ದ. ಹಿರಿಯ ಕೊನೆಗೆ ಬಂದ. ನಲ್ಲಿಯ ಪೈಪಿನ ತುಂಡಿನಿಂದ ಗಂಟಲಿಗೆ ಒಂದೇ ಸಲ ಹೊಡೆದ. ಉಸಿರು ನಿಂತಿತು. ಸಾಯುತ್ತೇನೆ ಎಂದು ಖಾತ್ರಿಯಾಯಿತು, ಕಾಲು ಒದ್ದಾಡಿದವು. ನವೀನನಿಗೂ ಹೀಗೇ ಆಗಿರಬೇಕು ಎಂದು ದೊಡ್ಡ ವಿಚಾರವೇನೂ ಬರಲಿಲ್ಲ. ಬದುಕಬೇಕು ಎಂದಷ್ಟೇ ಬಂತು.

ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿ ಉಳಿಸಿದರು. ಈಗ ನಳಿಗೆ ತೆಗೆದಿದ್ದಾರೆ. ಮಾತು ಗೊಗ್ಗರಾಗಿ ಬರುತ್ತದೆ. ಹಾಡಿನ ಬಗ್ಗೆ ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು.

ಸಹಿ ಹಾಕಿ ಕಳಿಸಿದ್ದೇನೆ. ಹದಿನೈದಕ್ಕೂ. ನನ್ನದೊಂದು ಕೇಳಿಕೆ ಇದೆ. ಕೊನೆಯ ಹಾಡನ್ನು ನವೀನ ಹಾಡಿ ಮುಗಿಸಿದಲ್ಲಿಗೆ ಕತ್ತರಿಸಿಬಿಡು. ಹಾಡಿದವರು ಎನ್ನುವಲ್ಲಿ ನನ್ನ ಹೆಸರಿನ ಪಕ್ಕ ಅವನ ಹೆಸರು ಹಾಕು. ಅನಸವ್ವನವರಿಗೆ ಇದನ್ನು ಓದಿ ಹೇಳು.

ಮುತ್ತಣ್ಣ

* * *

ರಬಕವಿ
೩೦ ಆಗಸ್ಟ್ ೨೦೨೫

ಮುತ್ತಣ್ಣ,

ನಿನ್ನ ಕಾಗದವನ್ನು ಶಿರೋಳಕ್ಕೆ ಒಯ್ದು ಅನಸವ್ವನವರಿಗೆ ಓದಿದೆ. ನಿನಗೆ ಬಿದ್ದ ಏಟುಗಳನ್ನು ಓದುವಾಗ ಅವರ ಮುಖದಲ್ಲಿ ಏನೂ ಆಗಲಿಲ್ಲ. ಖುಷಿಯೂ ಕಾಣಲಿಲ್ಲ, ಅಯ್ಯೋ ಅನ್ನುವುದೂ ಕಾಣಲಿಲ್ಲ. ಕೇಳಿಕೆ ಓದಿದಾಗ ಮಾತ್ರ ತಲೆ ಎತ್ತಿದರು.

ಹೆಸರು ಬೇಡ ಅಂದರು. ಮಗನ ಹೆಸರು ನಿನ್ನ ಹೆಸರಿನ ಪಕ್ಕ ಕೂರುವುದು ಬೇಡ, ಅದು ಮನೆಯ ಗೋಡೆಯ ಮೇಲೆ ಇದೆ, ಅಲ್ಲಿಯೇ ಇರಲಿ ಅಂದರು. ಆಮೇಲೆ ಕತ್ತರಿಸುವ ಮಾತಿಗೆ ಬಂದರು.

“ಕಡೀಬ್ಯಾಡ ತಂಗೀ. ಹಾಡಿಗಿ ಮುಗಿಸಿದರ, ಅವ ಹಾಡಿ ಮನಿಗಿ ಹ್ವಾದ ಅಂತ ಮಂದಿ ತಿಳೀತಾರ. ಅವ ಮನಿಗಿ ಬರಲಿಲ್ಲ.”

ಹಾಗಾಗಿ ಪೂರ್ತಿ ಇದೆ. ಕಂಪನಿಯವರು ಅದನ್ನೇ ಮೊದಲಿಗೆ ಹಾಕಿ ಪ್ರಚಾರ ಮಾಡುತ್ತೇವೆ ಅಂದಿದ್ದರು. ಸಂಜಯ ಪುಣೆಗೆ ಹೋಗಿ, ಕೊನೆಯಲ್ಲಿ ಬರಬೇಕು, ಮುಖಪುಟದಲ್ಲಿ ಅದರ ಸುದ್ದಿ ಇರಬಾರದು, ಇಲ್ಲದಿದ್ದರೆ ನಾಲ್ಕೂ ಸಹಿ ವಾಪಸು ಎಂದು ಮೇಜು ಗುದ್ದಿ ಬಂದ. ಅರಿವೆ ಅಂಗಡಿಯವನಲ್ಲಿ ಅಷ್ಟು ಸಿಟ್ಟು ಉಳಿದಿತ್ತು ಎಂದು ನನಗೆ ಗೊತ್ತಿರಲಿಲ್ಲ. ಒಪ್ಪಿದರು. ಅಪ್ಪಾಸಾಬನ ಮೇಲಿನ ಕೇಸು ನಡೆದಿದೆ, ನನ್ನ ಮೇಲೂ ಒಂದು ಇದೆ. ಒಂದೇ ದಿನ ಇಬ್ಬರಿಗೂ ತಾರೀಖು ಕೊಡುತ್ತಾರೆ. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಎದುರುಬದುರು ಬೆಂಚಿನ ಮೇಲೆ ಕೂರುತ್ತೇವೆ. ಇಬ್ಬರ ಕೈಯೂ ಪೂರ್ತಿ ನೆಟ್ಟಗಾಗಿಲ್ಲ.

ಆಲ್ಬಂ ಬಂತು. ಮೊದಲ ತಟ್ಟೆ ಕೈಗೆ ಸಿಕ್ಕ ದಿನ ಅನಸವ್ವನವರಿಗೆ ತಿಳಿಸಿದೆ. ತಮ್ಮ ಮನೆಯಲ್ಲೇ ಹಚ್ಚಬೇಕು ಅಂದರು. ತಟ್ಟೆ ತಿರುಗಿಸುವ ಯಂತ್ರ, ಸ್ಪೀಕರು ಎತ್ತಿಕೊಂಡು ಮಹಾಲಿಂಗನ ಜೊತೆ ಹೋದೆ. ಹಜಾರದ ತುಂಬ ಜನ ಕೂತಿದ್ದರು. ನವೀನನ ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಅಣ್ಣನ ಮಗನನ್ನು ಕೊಂದವನು ಹೊರಗೆ ಬಂದ ದಿನ ಕಡಿಯುತ್ತೇನೆ ಎಂದು ಅವರು ಆಣೆ ಮಾಡಿದ್ದು ಊರಿಗೆಲ್ಲ ಗೊತ್ತು.

‘ಕಬ್ಬಿನ ಗರಿ’ ಶುರುವಾಯಿತು. ನಿನ್ನ ದನಿ ಬಂದ ಕೂಡಲೇ ಆ ಚಿಕ್ಕಪ್ಪ ಕಂಬ ಬಿಟ್ಟು ಬಂದರು. ನನ್ನ ಜಡೆ ಹಿಡಿದು ಎಳೆದು, “ಈ ಮನ್ಯಾಗ ಅವನ ದನಿ ಹಚ್ಚತೀ ಏನ?” ಎಂದು ನನ್ನ ತಲೆಯನ್ನು ಗೋಡೆಗೆ ಬಡಿದರು. ಕಣ್ಣು ಕತ್ತಲಾಯಿತು. ಮಹಾಲಿಂಗ ಅವರ ಕುತ್ತಿಗೆಗೆ ಬಿದ್ದ. ಇಬ್ಬರೂ ನೆಲಕ್ಕುರುಳಿದರು. ಯಾರೋ ಕುಡಗೋಲು ತೆಗೆದದ್ದು ಕಂಡಿತು. ಮುಧೋಳವೇ ಮತ್ತೆ ಶುರುವಾಯಿತು ಎಂದುಕೊಂಡೆ.

ಅನಸವ್ವ ಎದ್ದು ಬಂದು ಮೈದುನನ ಕಪಾಳಕ್ಕೆ ಹೊಡೆದರು. ಹಜಾರಕ್ಕೆಲ್ಲ ಕೇಳುವ ಹಾಗೆ. ಅವರು ಎಂದೂ ದನಿ ಎತ್ತಿದವರಲ್ಲವಂತೆ. ಕುಡಗೋಲು ಹಿಡಿದವನು ಅಲ್ಲೇ ನಿಂತ. “ನನ್ನ ಮಗಾ ಇವನ್ನೆಲ್ಲಾ ಬಾಗಿಲಾ ಹಾಕ್ಕೊಂಡ ಕೇಳತಿದ್ದ,” ಎಂದರು. “ಸಪ್ಪಳಾ ಕಡಿಮಿ ಮಾಡ ಅಂತ ನಾ ಬೈತಿದ್ದೆ. ಏನ್ ಕೇಳತಿದ್ದ ಅಂತ ನಾ ಇವತ್ತ ಪೂರಾ ಕೇಳತೀನಿ. ಕುಂದರತಿದ್ದರ ಕುಂದರ, ಇಲ್ಲಾ ಹೊರಗ ನಡಿ.”

ಚಿಕ್ಕಪ್ಪ ಕೂತರು, ಅನಸವ್ವನವರ ಪಕ್ಕದಲ್ಲಿ, ನೆಲದ ಮೇಲೆ. ನನ್ನ ಹಣೆಯಿಂದ ಇಳಿಯುತ್ತಿದ್ದ ರಕ್ತಕ್ಕೆ ಯಾರೋ ಅರಿಶಿನ ಮೆತ್ತಿದರು. ಸೂಜಿ ಎತ್ತಿ ಮೊದಲಿಗೆ ಇಟ್ಟೆ.

ಹದಿನಾಲ್ಕೂ ಹಾಡು ಆದವು. ಯಾರೂ ಏಳಲಿಲ್ಲ. ಹದಿನೈದನೆಯದು ಬಂತು. ಬಾಟಲಿ ಒಡೆದದ್ದು, ನೀನು ಕರೆದದ್ದು. ನವೀನ ಹಾಡುವಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಬಾಯಿಗೆ ಸೆರಗು ತುರುಕಿಕೊಂಡಳು. ಮೊದಲನೆಯ ಏಟು ಬಿತ್ತು. ಚಿಕ್ಕಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ಅನಸವ್ವ ಅತ್ತ ನೋಡಲಿಲ್ಲ. ಸ್ಪೀಕರನ್ನೇ ನೋಡುತ್ತ, ಎರಡನೆಯದು ಬೀಳುವ ಮೊದಲು ಮೈದುನನ ಕೈಗಳನ್ನು ಒಂದೊಂದಾಗಿ ಹಿಡಿದು ಕೆಳಗೆ ಇಳಿಸಿದರು.

ಕಾವ್ಯ